ಮುಖಪುಟದ ಮೇಲಿರೋ ಹುಡುಗಿ ಯಾರು?

ಪುಣೆಯಿಂದ ಮಾತಾಡ್ತಾ ಇದೀನಿ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಆಫೀಸ್ ಕ್ಯಾಬಲ್ಲಿ ಓದ್ಕೊಂಡು ಹೋಗೋರಿಗೆ ಎಂದಿನಂತೆ ಈ ಬರಹ ರೂಪ. ಮಾತಲ್ಲಿ ಹೇಳಿದ್ದನ್ನ ಇಲ್ಲಿ ಅಲ್ಲಲ್ಲಿ ತಿದ್ದಿದೀನಿ, ಒಂದೆರಡು ವಿಷಯ ಸೇರಿಸಿದೀನಿ.

ಈ ಸಲದ ವಿಷಯ ಕೇಳಿ ಕೆಲವರು ನಗಬಹುದು. ಹದಿಹರೆಯದವರಿಗೆ ಅಂತ ಬರೆದ ರಕ್ತಪಿಶಾಚಿ ಪ್ರೇಮಕಥೆಗಳು, ಅವುಗಳ ಮುಖಪುಟದ ಇತಿಹಾಸ. ಟ್ವೈಲೈಟ್ ಅಂತಾರಲ್ಲ, ಆ ಜಾತಿಯ ಪುಸ್ತಕಗಳು. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಇದನ್ನ ಕದ್ದು ಓದಿದೋರು ನಮ್ಮಲ್ಲಿ ಎಷ್ಟು ಜನ ಇದೀರಿ ಅಂತ ನಂಗೊತ್ತು. ಹುಡುಗರೂ ಓದಿದೀರಿ, ಒಪ್ಪಿಕೊಳ್ಳಲ್ಲ ಅಷ್ಟೇ.

ಹೋದ ತಿಂಗಳು ಮನೆ ಬದಲಾಯಿಸಿದೆ. ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ತಿಪಟೂರಿಂದ ರಜೆಗೆ ಬಂದಿದ್ಲು. ರಟ್ಟಿನ ಡಬ್ಬ ಬಿಚ್ಚಿ ಪುಸ್ತಕ ಜೋಡಿಸೋ ಕೆಲಸ ಅವಳಿಗೆ ಕೊಟ್ಟೆ. ಒಂದು ಡಬ್ಬದ ತುಂಬ ನನ್ನ ಹಳೇ ಕಾಲದ ಈ ಪ್ರೇಮಕಥೆಗಳೇ. ಅವಳು ಹತ್ತು ಹನ್ನೆರಡು ಪುಸ್ತಕ ನೆಲದ ಮೇಲೆ ಸಾಲಾಗಿ ಹರಡಿ ಕೇಳಿದ್ಲು, "ಚಿಕ್ಕಮ್ಮ, ಎಲ್ಲಾ ಪುಸ್ತಕದ ಮೇಲೂ ಇರೋದು ಒಬ್ಬಳೇ ಹುಡುಗಿನಾ?"

ನಾನೂ ಬಗ್ಗಿ ನೋಡಿದೆ. ತೆಳ್ಳಗಿನ ಬಿಳಿ ಹುಡುಗಿ, ಉದ್ದನೆ ಗೌನು, ಗಾಳಿಗೆ ಹಾರ್ತಿರೋ ಕೂದಲು, ಹಿಂದೆ ಕತ್ತಲೆ ಕಾಡು. ಕೆಲವದರಲ್ಲಿ ಮುಖ ಅರ್ಧ ಕತ್ತರಿಸಿದಾರೆ, ಕೆಲವದರಲ್ಲಿ ಬೆನ್ನು ಮಾತ್ರ. ಲೇಖಕರು ಬೇರೆ, ಕಥೆ ಬೇರೆ, ಪ್ರಕಾಶಕರು ಬೇರೆ, ಹುಡುಗಿ ಮಾತ್ರ ಅವಳೇ. ಆ ಹುಡುಗಿ ಎಲ್ಲಿಂದ ಬಂದ್ಲು, ಅವಳನ್ನ ಅಲ್ಲಿ ತಂದು ನಿಲ್ಲಿಸಿದ್ದು ಯಾರು, ಯಾರಿಗೋಸ್ಕರ? ಅವಳ ಪ್ರಶ್ನೆಗೆ ಉತ್ತರ ಕೊಡೋಕೆ ಹೋಗಿ ನಾನು 200 ವರ್ಷ ಹಿಂದಕ್ಕೆ ಹೋಗಬೇಕಾಯ್ತು.

ಸುಂದರವಾದ, ಶ್ರೀಮಂತ, ಹುಡುಗಿಯರ ಮನಸ್ಸು ಕದಿಯೋ ರಕ್ತಪಿಶಾಚಿ ಇಂಗ್ಲಿಷ್ ಗದ್ಯಕ್ಕೆ ಬಂದಿದ್ದು 1819ರಲ್ಲಿ. ಬರೆದವನು ಜಾನ್ ಪೊಲಿಡೋರಿ, ಕವಿ ಲಾರ್ಡ್ ಬೈರನ್‌ಗೆ ವೈದ್ಯನಾಗಿದ್ದ ಯುವಕ. 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದ ಮನೆಯಲ್ಲಿ ಎಲ್ಲರೂ ದೆವ್ವದ ಕಥೆ ಬರೆಯೋಣ ಅಂತ ಮಾತಾಡಿಕೊಂಡಿದ್ರಲ್ಲ, ಮೇರಿ ಶೆಲ್ಲಿಯ ಫ್ರಾಂಕೆನ್‌ಸ್ಟೈನ್ ಹುಟ್ಟಿದ್ದೂ ಅಲ್ಲೇ, ಆ ಗುಂಪಲ್ಲಿ ಇವನೂ ಇದ್ದ. ಅವನ 'ದಿ ವ್ಯಾಂಪೈರ್' ಕಥೆ 1819ರ ಏಪ್ರಿಲ್‌ನಲ್ಲಿ ಲಂಡನ್ನಿನ ನ್ಯೂ ಮಂತ್ಲಿ ಮ್ಯಾಗಜೀನ್‌ನಲ್ಲಿ ಅಚ್ಚಾಯ್ತು. ಆದರೆ ಕಥೆಯ ಮೇಲೆ ಹಾಕಿದ್ದ ಹೆಸರು ಲಾರ್ಡ್ ಬೈರನ್‌ದು! ಬೈರನ್ ನಂದಲ್ಲ ಅಂದ, ಪೊಲಿಡೋರಿ ನಂದು ಅಂದ. ಬೈರನ್ ಹೆಸರಲ್ಲೇ ಅದು ಓಡಿತು. 1821ರಲ್ಲಿ ಪೊಲಿಡೋರಿ ತೀರಿಕೊಂಡ, ಆಗ ಅವನಿಗೆ 25 ವರ್ಷ.

ಅಂದ್ರೆ ಈ ಜಾತಿಯ ಸಾಹಿತ್ಯ ಶುರುವಾಗಿದ್ದೇ ಹೊರಗಡೆ ಒಂದು, ಒಳಗಡೆ ಒಂದು ಅನ್ನೋ ಲೆಕ್ಕದಲ್ಲಿ. ಒಳಗಿರೋದನ್ನ ತೋರಿಸೋದಕ್ಕಿಂತ, ಯಾವುದನ್ನ ತೋರಿಸಿದ್ರೆ ಜನ ಕೈ ಹಾಕ್ತಾರೆ ಅನ್ನೋದು ಮುಖ್ಯ ಆಗಿತ್ತು.

ಅಲ್ಲಿಂದ 1960ರ ದಶಕಕ್ಕೆ ಬನ್ನಿ. ಅಮೆರಿಕದಲ್ಲಿ ಪೇಪರ್‌ಬ್ಯಾಕ್ ಗಾಥಿಕ್ ಪ್ರೇಮಕಥೆಗಳ ಸುಗ್ಗಿ. ಮುಖಪುಟದ ಸೂತ್ರ ಒಂದೇ: ಮುಂದೆ ಗೌನು ಹಿಡ್ಕೊಂಡು ಓಡ್ತಿರೋ ಹೆಂಗಸು, ಹಿಂದೆ ಕತ್ತಲೆಯಲ್ಲಿ ದೊಡ್ಡ ಬಂಗಲೆ, ಅದರ ಒಂದೇ ಒಂದು ಕಿಟಕಿಯಲ್ಲಿ ದೀಪ. ನೂರಾರು ಪುಸ್ತಕಗಳಿಗೆ ಇದೇ ಚಿತ್ರ. 1966ರಿಂದ 1971ರವರೆಗೆ ಡಾರ್ಕ್ ಶಾಡೋಸ್ ಅನ್ನೋ ಟಿವಿ ಧಾರಾವಾಹಿ ಬಂತು, ಅದರಲ್ಲಿ ಬಾರ್ನಬಸ್ ಅನ್ನೋ ರಕ್ತಪಿಶಾಚಿ ಹೆಂಗಸರ ಅಚ್ಚುಮೆಚ್ಚಾಗಿಬಿಟ್ಟ. ಅದನ್ನ ಆಧರಿಸಿದ 30ಕ್ಕೂ ಹೆಚ್ಚು ಕಾದಂಬರಿಗಳ ಮೇಲೆ ಲೇಖಕಿ ಮೆರಿಲಿನ್ ರಾಸ್ ಅಂತ ಇರುತ್ತೆ. ಬರೆದವರು ಡ್ಯಾನ್ ರಾಸ್ ಅನ್ನೋ ಕೆನಡಾದ ಗಂಡಸು, ಮೆರಿಲಿನ್ ಅನ್ನೋದು ಅವರ ಹೆಂಡತಿ ಹೆಸರು. ಹೆಂಗಸಿನ ಹೆಸರಿದ್ರೆ ಹೆಂಗಸರು ಕೊಳ್ತಾರೆ ಅನ್ನೋ ವ್ಯಾಪಾರ. ಅಕ್ಕನ ಮಗಳು ಕೇಳಿದ ಹುಡುಗಿ ಈ ಓಡೋ ಹೆಂಗಸಿನ ಮೊಮ್ಮಗಳು ಅನ್ನಿ. ಬಂಗಲೆ ಹೋಗಿ ಕಾಡು ಬಂತು, ಗೌನು ಹಾಗೇ ಉಳೀತು.

ಆಮೇಲೆ 1991. ಎಲ್. ಜೆ. ಸ್ಮಿತ್ ಅನ್ನೋ ಲೇಖಕಿ ದಿ ವ್ಯಾಂಪೈರ್ ಡೈರೀಸ್ ಬರೆದರು. ಮೊದಲ 3 ಭಾಗ ಆ ವರ್ಷ, ನಾಲ್ಕನೇದು 1992ರಲ್ಲಿ. ಇದು ಬುಕ್ ಪ್ಯಾಕೇಜರ್ ಅನ್ನೋ ಥರದ ಕಂಪನಿ ಹೇಳಿ ಬರೆಸಿದ್ದು. ನಮ್ಮ ಭಾಷೇಲಿ ಹೇಳೋದಾದ್ರೆ ನೀವು ಕ್ಲೈಂಟ್‌ಗೆ ಕೋಡ್ ಬರೆದುಕೊಟ್ಟ ಹಾಗೆ: ರಾತ್ರಿ ನಿದ್ದೆಗೆಟ್ಟಿದ್ದು ನೀವು, ಹಕ್ಕು ಅವರದು. 2009ರಲ್ಲಿ ಅದು ಟಿವಿ ಸೀರೀಸ್ ಆದಾಗ ಹಳೇ ಪುಸ್ತಕಗಳು ನಟ ನಟಿಯರ ಫೋಟೋ ಹೊತ್ತು ಹೊಸದಾಗಿ ಬಂದವು. ತಮಾಷೆ ಏನಂದ್ರೆ ಪುಸ್ತಕದ ಒಳಗಿನ ಎಲೀನಾಳಿಗೆ ಹೊಂಬಣ್ಣದ ಕೂದಲು, ನೀಲಿ ಕಣ್ಣು. ಮುಖಪುಟದ ಎಲೀನಾಳಿಗೆ ಗಾಢ ಕಂದು ಕೂದಲು. 2011ರಲ್ಲಿ ಕಂಪನಿ ಸ್ಮಿತ್ ಅವರನ್ನ ಸರಣಿಯಿಂದಲೇ ತೆಗೆದುಹಾಕ್ತು. ಮುಂದಿನ ಭಾಗಗಳನ್ನ ಬೇರೆಯವರು ಬರೆದರು, ಮುಖಪುಟದ ಮೇಲೆ ಸ್ಮಿತ್ ಹೆಸರು ಉಳೀತು. 2014ರಲ್ಲಿ ಆಕೆ ತನ್ನದೇ ಪಾತ್ರಗಳ ಮೇಲೆ ಅಭಿಮಾನಿಗಳು ಬರೆಯೋ ಥರ, ಅಮೆಜಾನ್‌ನ ಕಿಂಡಲ್ ವರ್ಲ್ಡ್ಸ್ ಅನ್ನೋ ವೇದಿಕೆಯಲ್ಲಿ ಕಥೆ ಬರೆದು ಪ್ರಕಟಿಸಬೇಕಾಯ್ತು. 2025ರ ಮಾರ್ಚ್‌ನಲ್ಲಿ ತೀರಿಕೊಂಡರು. ಪೊಲಿಡೋರಿ ಕಥೆ ಬರೆದು ಹೆಸರು ಕಳ್ಕೊಂಡ. ಈಕೆಗೆ ಹೆಸರು ಉಳೀತು, ಕಥೆ ಹೋಯ್ತು.

ಈಗ ಸೇಬಿನ ವಿಷಯ. 2005ರ ಅಕ್ಟೋಬರ್‌ನಲ್ಲಿ ಸ್ಟೆಫನಿ ಮೇಯರ್ ಅವರ ಟ್ವೈಲೈಟ್ ಬಂತು. ಕಪ್ಪು ಹಿನ್ನೆಲೆ, ಎರಡು ಬಿಳಿ ಕೈ, ನಡುವೆ ಕೆಂಪು ಸೇಬು. ಬೈಬಲ್ಲಿನ ನಿಷಿದ್ಧ ಹಣ್ಣಿನ ಸೂಚನೆ ಅದು, ಪುಸ್ತಕದ ಶುರುವಿನಲ್ಲಿ ಆ ಭಾಗದ ಉಲ್ಲೇಖವೂ ಇದೆ. 2006ರ ಎರಡನೇ ಭಾಗಕ್ಕೆ ಟ್ಯುಲಿಪ್ ಹೂವು, 2007ಕ್ಕೆ ಹರಿದ ಕೆಂಪು ರಿಬ್ಬನ್, 2008ಕ್ಕೆ ಚೆಸ್ಸಿನ ಕಾಯಿಗಳು. ಚೆಸ್ ಕಾಯಿಗೆ ಅರ್ಥ ಇದೆ, ಪದಾತಿ ರಾಣಿ ಆಗೋ ಹಾಗೆ ನಾಯಕಿ ಬೆಳೀತಾಳೆ ಅಂತ. ಟ್ಯುಲಿಪ್‌ಗೆ? ಆ ಆಯ್ಕೆಯಲ್ಲಿ ತನ್ನ ಪಾತ್ರ ಇರಲಿಲ್ಲ ಅಂತ ಲೇಖಕಿಯೇ ಹೇಳಿದಾರೆ. ಓದುಗರು ಕೂತು ಆ ಹೂವಿಗೆ ನೂರು ಅರ್ಥ ಹಚ್ಚಿದ್ದು ಬೇರೆ ವಿಷಯ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಕಥೆ ಬಗ್ಗೆ ನಂಗೆ ಸಾವಿರ ತಕರಾರಿದೆ. ಹುಡುಗಿ ಮಲಗಿರುವಾಗ ಕಿಟಕಿ ಹಾರಿ ಬಂದು ನೋಡ್ತಾ ಕೂರೋನನ್ನ ಪ್ರೇಮಿ ಅನ್ನಲ್ಲ, ಪೊಲೀಸ್ ಕರೀತಾರೆ. ಆದರೆ ಮುಖಪುಟ ಮಾತ್ರ ಈ ಜಾತಿಯ ಪುಸ್ತಕಗಳಲ್ಲೇ ಒಳ್ಳೇದು. ಯಾಕೆ ಅಂದ್ರೆ ಅದರ ಮೇಲೆ ಹುಡುಗಿ ಇಲ್ಲ. ಯಾವ ಊರಿನ ಓದುಗಳಾದ್ರೂ ನಾಯಕಿಗೆ ತನ್ನ ಮುಖ ಹಾಕ್ಕೋಬಹುದು. ಅದೇ 2008ರ ನವೆಂಬರ್‌ನಲ್ಲಿ ಸಿನಿಮಾ ಬಂದಾಗ ನಟ ನಟಿಯರ ಮುಖದ ಆವೃತ್ತಿ ಬಂತು ನೋಡಿ, ಅದರಲ್ಲಿ ಆ ಜಾಗ ಹೋಯ್ತು.

ನನ್ನ ಹತ್ರ ಎರಡೂ ಇವೆ. ನಂದು 2009ರ ಬ್ಯಾಚ್. ಆ ವರ್ಷ ಪಾಸಾದೋರಿಗೆ ಗೊತ್ತು, ಕೈಯಲ್ಲಿ ಆಫರ್ ಲೆಟರ್ ಹಿಡ್ಕೊಂಡು ಊರಲ್ಲಿ ತಿಂಗಳುಗಟ್ಟಲೆ ಕಾದಿದ್ದು, ಯಾವಾಗ ಜಾಯ್ನಿಂಗ್ ಅಂತ ಪಕ್ಕದ ಮನೆಯೋರೆಲ್ಲ ಕೇಳ್ತಿದ್ದಿದ್ದು. ಕೊನೆಗೆ 2010ರಲ್ಲಿ ಪುಣೆಗೆ ಬಂದೆ. ಫರ್ಗ್ಯುಸನ್ ಕಾಲೇಜ್ ರಸ್ತೆಯ ಫುಟ್‌ಪಾತಲ್ಲಿ ಸೇಬಿನ ಪುಸ್ತಕ ಕೊಂಡೆ. ಹೈದರಾಬಾದಿನೋರಿಗೆ ಅಬಿಡ್ಸ್‌ನ ಭಾನುವಾರದ ಸಾಲು, ಮುಂಬೈಯೋರಿಗೆ ಫ್ಲೋರಾ ಫೌಂಟನ್, ದೆಹಲಿಯೋರಿಗೆ ದರಿಯಾಗಂಜ್ ಇದ್ದ ಹಾಗೆ ನಮಗೆ ಅದು. ಟ್ರೇನಿಂಗ್ ಮುಗೀತು, ಪ್ರಾಜೆಕ್ಟ್ ಸಿಗಲಿಲ್ಲ, ಬೆಂಚಲ್ಲಿ ಕೂತೆ. ಬೆಂಚಲ್ಲಿ ಕೂತೋಳಿಗೆ ಓದೋದು ಬಿಟ್ಟು ಇನ್ನೇನು ಕೆಲಸ.

ಆ ಹೊತ್ತಿಗೆ ಸೇಬಿನ ನಕಲು ಎಲ್ಲೆಲ್ಲೂ. ಎಷ್ಟರ ಮಟ್ಟಿಗೆ ಅಂದ್ರೆ 2009ರಲ್ಲಿ ಹಾರ್ಪರ್‌ಕಾಲಿನ್ಸ್‌ನೋರು ಎಮಿಲಿ ಬ್ರಾಂಟೆಯ ವದರಿಂಗ್ ಹೈಟ್ಸ್‌ಗೆ, ಅಂದ್ರೆ 1847ರ ಕಾದಂಬರಿಗೆ, ಟ್ವೈಲೈಟ್ ಥರದ ಕಪ್ಪು ಮುಖಪುಟ ತೊಡಿಸಿ, ಟ್ವೈಲೈಟ್ ಜೋಡಿಯ ಮೆಚ್ಚಿನ ಪುಸ್ತಕ ಇದು ಅಂತ ಮೇಲೆ ಬರೆದು ಮಾರಿದರು. ಪಂಡಿತರು ಮೂಗು ಮುರಿದರು. ನಂಗೆ ಇದರಲ್ಲಿ ತಪ್ಪೇನೂ ಕಾಣಲ್ಲ. ಬ್ಯಾಕೆಂಡ್ ಒಂದು ಸಾಲೂ ಮುಟ್ಟದೆ ಯುಐ ಬದಲಾಯಿಸಿದಾರೆ ಅಷ್ಟೇ. ನಾನು ವದರಿಂಗ್ ಹೈಟ್ಸ್ ಓದಿದ್ದೇ ಆ ಕಪ್ಪು ಮುಖಪುಟ ನೋಡಿ.

ಓದ್ತಾ ಒಂದು ಕಡೆ ನಿಂತುಬಿಟ್ಟೆ. ಅದರ ನಾಯಕ ಹೀತ್‌ಕ್ಲಿಫ್ ಲಿವರ್‌ಪೂಲ್ ಬೀದಿಯಲ್ಲಿ ಸಿಕ್ಕಿದ ಅನಾಥ ಹುಡುಗ, ಮೈಬಣ್ಣ ಕಪ್ಪು. ನೆರೆಮನೆಯ ಲಿಂಟನ್ ಅವನನ್ನ ನೋಡಿ, ಇವನು ಲಾಸ್ಕರ್‌ನ ಮರಿ ಇರಬಹುದು ಅನ್ನೋ ಥರ ಮಾತಾಡ್ತಾನೆ. ಲಾಸ್ಕರ್ ಅಂದ್ರೆ ಯಾರು ಗೊತ್ತಾ? ಬ್ರಿಟಿಷರ ಹಡಗುಗಳಲ್ಲಿ ದುಡೀತಿದ್ದ ನಮ್ಮ ಕಡೆಯ, ಅಂದ್ರೆ ಭಾರತ ಮತ್ತೆ ಸುತ್ತಮುತ್ತಲಿನ ನಾವಿಕರು. ಕೆಲಸ ಹುಡುಕ್ಕೊಂಡು ದೂರದೂರಿಗೆ ಹೋದ ನಮ್ಮಂಥೋರೇ. ಹೀತ್‌ಕ್ಲಿಫ್ ನಿಜವಾಗ್ಲೂ ಯಾರ ಮಗ ಅನ್ನೋದನ್ನ ಬ್ರಾಂಟೆ ಎಲ್ಲೂ ಹೇಳಲ್ಲ. ಆದರೆ ಅವನು ಕಪ್ಪಗಿದ್ದ ಅನ್ನೋದನ್ನ ಮತ್ತೆ ಮತ್ತೆ ಹೇಳ್ತಾಳೆ. ಸಿನಿಮಾದಲ್ಲೂ ಮುಖಪುಟದಲ್ಲೂ ನಾನು ಅಲ್ಲಿವರೆಗೆ ನೋಡಿದ್ದ ಹೀತ್‌ಕ್ಲಿಫ್‌ಗಳೆಲ್ಲ ಬಿಳಿಯರೇ.

ಬೆಂಚಲ್ಲಿ ಕೂತು ಇದನ್ನೆಲ್ಲ ಹುಡುಕ್ತಾ ಇದ್ದಾಗಲೇ ನಂಗೆ ಎರಡು ಪುಸ್ತಕಗಳ ಗಲಾಟೆ ಗೊತ್ತಾಗಿದ್ದು. ಈ ಇತಿಹಾಸದಲ್ಲಿ ನನ್ನ ಪ್ರಕಾರ ದೊಡ್ಡ ತಿರುವು ಇದೇ.

ಮೊದಲನೇದು ಲಯರ್, ಅಂದ್ರೆ ಸುಳ್ಳುಗಾತಿ. ಆಸ್ಟ್ರೇಲಿಯಾದ ಜಸ್ಟಿನ್ ಲಾರ್ಬಲೆಸ್ಟಿಯರ್ ಬರೆದಿದ್ದು, 2009ರದು. ನಾಯಕಿ ಮೈಕಾ, ಅಪ್ಪ ಕಪ್ಪು ಜನಾಂಗದವನು, ಅಮ್ಮ ಬಿಳಿ. ಅವಳ ಕೂದಲು ಗುಂಗುರು, ಗಿಡ್ಡ ಕತ್ತರಿಸಿದ್ದು. ತೋಳದ ವಿಷಯವೂ ಬರುತ್ತೆ, ಅದು ಎಷ್ಟು ನಿಜ ಅಂತ ನಾನು ಹೇಳಿದ್ರೆ ಮಜಾ ಹೋಗುತ್ತೆ. ಅಮೆರಿಕದಲ್ಲಿ ಬ್ಲೂಮ್ಸ್‌ಬರಿ ಸಿದ್ಧಪಡಿಸಿದ ಮುಖಪುಟದ ಮೇಲೆ ಇದ್ದಿದ್ದು ನೀಳವಾದ ನೇರ ಕೂದಲಿನ ಬಿಳಿ ಹುಡುಗಿ. ನಾಯಕಿ ಸುಳ್ಳು ಹೇಳೋಳಾದ್ರಿಂದ ತನ್ನ ಬಣ್ಣದ ಬಗ್ಗೆಯೂ ಸುಳ್ಳು ಹೇಳಿರಬಹುದಲ್ಲ ಅನ್ನೋ ಧಾಟಿಯ ಸಮರ್ಥನೆ ಪ್ರಕಾಶಕರಿಂದ ಬಂತು. ಜುಲೈನಲ್ಲಿ ಲೇಖಕಿ ಬಹಿರಂಗವಾಗಿ ಬರೆದರು: ನಾನು ಈ ಮುಖಪುಟ ಒಪ್ಪಿರಲಿಲ್ಲ, ಕಪ್ಪು ಮುಖದ ಪುಸ್ತಕ ಮಾರಾಟ ಆಗಲ್ಲ ಅನ್ನೋ ಮಾತು ಈ ಉದ್ಯಮದಲ್ಲಿ ಎಲ್ಲರ ಬಾಯಲ್ಲೂ ಇದೆ, ಆದರೆ ಅಂಥ ಪುಸ್ತಕಕ್ಕೆ ಸರಿಯಾದ ಪ್ರಚಾರವನ್ನೇ ಕೊಡದೆ ಮಾರಾಟ ಆಗಲ್ಲ ಅನ್ನೋದು ಯಾವ ನ್ಯಾಯ, ಅನ್ನೋದು ಅವರ ವಾದದ ಸಾರ. ಓದುಗರು ಸಿಟ್ಟಾದರು. ಪುಸ್ತಕ ಅಂಗಡಿಗೆ ಹೋಗೋ ಮೊದಲೇ, ಆಗಸ್ಟ್‌ನಲ್ಲಿ, ಮುಖಪುಟ ಬದಲಾಗಿ ಕಪ್ಪು ಹುಡುಗಿಯ ಮುಖ ಬಂತು.

ಇಷ್ಟಾಗಿ ಆರು ತಿಂಗಳಾಗಿಲ್ಲ, ಅದೇ ಪ್ರಕಾಶನದಿಂದ ಎರಡನೇದು. ಜಾಕ್ಲಿನ್ ಡೋಲಮೋರ್ ಅವರ ಮ್ಯಾಜಿಕ್ ಅಂಡರ್ ಗ್ಲಾಸ್. ಯಂತ್ರದ ಬೊಂಬೆಯೊಳಗೆ ಸಿಕ್ಕಿಹಾಕ್ಕೊಂಡಿರೋ ಯಕ್ಷಕುಮಾರನನ್ನ ಪ್ರೀತಿಸೋ ನಿಮಿರಾಳ ಕಥೆ. ನಿಮಿರಾ ಪೂರ್ವದ ದೇಶದಿಂದ ಹೊಟ್ಟೆಪಾಡಿಗೆ ವಲಸೆ ಬಂದ ಕಂದು ಮೈಬಣ್ಣದ ಹಾಡುಗಾತಿ, ನರ್ತಕಿ. ಮುಖಪುಟದ ಮೇಲೆ ಮತ್ತೆ ಬಿಳಿ ಹುಡುಗಿ! 2010ರ ಜನವರಿಯಲ್ಲಿ ಮತ್ತೆ ಗಲಾಟೆ. ಪ್ರಕಾಶಕರು ಕ್ಷಮೆ ಕೇಳಿ, ಆ ಪ್ರತಿಗಳ ಸರಬರಾಜು ನಿಲ್ಲಿಸಿ, ಹೊಸ ಮುಖಪುಟ ಹಾಕಿಸಿದರು.

ನಂಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನೂ ಕಪ್ಪು. ನಮ್ಮ ಕಡೆ ಬಾಯಿತುಂಬ 'ಎಣ್ಣೆಗೆಂಪು' ಅಂತಾರೆ, 'ಲಕ್ಷಣವಾಗಿದಾಳೆ, ಆದರೆ ಬಣ್ಣ ಒಂಚೂರು' ಅಂತ ಮಾತು ಅರ್ಧಕ್ಕೆ ನಿಲ್ಲಿಸ್ತಾರೆ. ಪಿಜಿಯಲ್ಲಿ ರೂಮ್‌ಮೇಟ್ ಮುಂದೆ ಅರ್ಧ ಗಂಟೆ ಭಾಷಣ ಹೊಡೆದೆ. ನಿಮಿರಾಳ ಕಥೆ ಬೇಕು, ನಿಮಿರಾಳ ಮುಖ ಬೇಡ, ಇದೆಂಥ ವ್ಯಾಪಾರ ಅಂತ ಕೂಗಾಡಿದೆ.

ಮೂರು ವರ್ಷ ಆದಮೇಲೆ, 2013ರಲ್ಲಿ, ಸಂಬಂಧ ನೋಡೋಕೆ ಶುರು ಮಾಡಿದರು. ಮ್ಯಾಟ್ರಿಮೋನಿಗೆ ಹಾಕೋಕೆ ಫೋಟೋ ಬೇಕಿತ್ತು. ಊರಿಗೆ ಹೋದಾಗ ಅಮ್ಮ ಸ್ಟುಡಿಯೋಗೆ ಕರ್ಕೊಂಡು ಹೋದರು. ಸ್ಟುಡಿಯೋದೋರು ಕಂಪ್ಯೂಟರ್ ಮುಂದೆ ಕೂತು "ಒಂಚೂರು ಬ್ರೈಟ್ ಮಾಡ್ತೀನಿ, ಎಲ್ರೂ ಮಾಡಿಸ್ತಾರೆ" ಅಂದ್ರು. ಅಮ್ಮ ನನ್ನ ಮುಖ ನೋಡಿದರು. ನಾನು ಹೂಂ ಅಂದೆ. ಯಾರೂ ಬಲವಂತ ಮಾಡಲಿಲ್ಲ, ನಾನೇ ಹೂಂ ಅಂದೆ. ಪರದೆ ಮೇಲೆ ನನ್ನ ಮುಖ ಒಂದೊಂದೇ ಹಂತ ಬೆಳ್ಳಗಾಗ್ತಾ ಹೋಗಿದ್ದು ಇವತ್ತಿಗೂ ಕಣ್ಮುಂದೆ ಇದೆ. ಕುತ್ತಿಗೆ ಮಾತ್ರ ಹಾಗೇ ಉಳಿದುಬಿಟ್ಟಿತ್ತು. ಆಮೇಲೆ ಅದನ್ನೂ ಸರಿ ಮಾಡಿದರು.

ಆ ಫೋಟೋ ನೋಡಿ ಒಂದು ಮನೆಯೋರು ಬಂದರು. ಉಪ್ಪಿಟ್ಟು, ಕಾಫಿ ಎಲ್ಲ ಆಯ್ತು. ಹುಡುಗನ ದೊಡ್ಡಮ್ಮ ಒಮ್ಮೆ ನನ್ನ ನೋಡೋರು, ಒಮ್ಮೆ ಮೊಬೈಲ್ ನೋಡೋರು. ಕೊನೆಗೆ "ಫೋಟೋದಲ್ಲಿ ಬೇರೆ ಥರ ಇದ್ದೆ ಅಲ್ವೇನಮ್ಮ" ಅಂದ್ರು. ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ಪಾಪ, ಆಶ್ಚರ್ಯದಿಂದ ಅಂದಿದ್ದು. ಆ ಹೊತ್ತಿಗೆ ನಂಗೆ ನೆನಪಾಗಿದ್ದು ನಿಮಿರಾ. ಪ್ರಕಾಶಕರಿಗೆ ನಾನು ಬೈದಿದ್ದು ಯಾವ ತಪ್ಪಿಗೋ, ಅದನ್ನ ನನ್ನ ಮುಖಕ್ಕೆ ನಾನೇ ಮಾಡಿಸ್ಕೊಂಡು ಕೂತಿದ್ದೆ. ಲೆಕ್ಕಾಚಾರ ಕೂಡ ಅದೇ: ಮೊದಲು ಕೈಗೆತ್ತಿಕೊಳ್ಳಲಿ, ಒಳಗೆ ಏನಿದೆ ಅಂತ ಆಮೇಲೆ ನೋಡ್ಕೊಳ್ಳಲಿ.

ಪುಣೆಗೆ ವಾಪಸ್ ಬಂದು ರೂಮ್‌ಮೇಟ್ ಕೈಲಿ ಟೆರೇಸ್ ಮೇಲೆ ಒಂದು ಫೋಟೋ ತೆಗೆಸಿದೆ. ಸಂಜೆ ಬಿಸಿಲು, ಹಿಂದೆ ನೀರಿನ ಟ್ಯಾಂಕು. ಏನೂ ತಿದ್ದಲಿಲ್ಲ. ಅದನ್ನ ಹಾಕಿದ ಮೇಲೆ ಎಲ್ಲ ಒಳ್ಳೇದಾಯ್ತು ಅಂತ ಹೇಳಿದ್ರೆ ಕೇಳೋಕೆ ಚೆನ್ನಾಗಿರ್ತಿತ್ತು. ಆಗಲಿಲ್ಲ. ಬರೋ ಸಂಬಂಧ ಕಡಿಮೆ ಆದವು. ಅಮ್ಮ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಅದಕ್ಕೇ ಹೇಳ್ತೀನಿ, ಪ್ರಕಾಶಕರ ಭಯ ಪೂರ್ತಿ ಸುಳ್ಳಲ್ಲ. ನಿಜವಾದ ಮುಖ ಹಾಕಿದ್ರೆ ಮೊದಲು ನಷ್ಟ ಆಗುತ್ತೆ. ಆದರೆ ಆ ನಷ್ಟಕ್ಕೆ ಹೆದರಿ ಎಲ್ಲರೂ ಬಿಳಿ ಮುಖವನ್ನೇ ಹಾಕ್ತಾ ಹೋದ್ರೆ, ಕೊಳ್ಳೋರ ಕಣ್ಣಿಗೆ ಬೇರೆ ಮುಖ ಅಭ್ಯಾಸ ಆಗೋದು ಯಾವಾಗ? ಲಾರ್ಬಲೆಸ್ಟಿಯರ್ ಎತ್ತಿದ ಪ್ರಶ್ನೆಯೂ ಇದೇ.

ಮುಖಪುಟ ಬದಲಾಯಿಸಬಾರದು ಅಂತ ನಾನು ಹೇಳ್ತಿಲ್ಲ. ಸರಣಿಯ ನಡುವೆ ಬದಲಾಯಿಸಿ ಕಪಾಟಲ್ಲಿ ಒಂದು ಎತ್ತರ ಒಂದು ಗಿಡ್ಡ ಮಾಡೋರ ಮೇಲೆ ಎಲ್ಲ ಓದುಗರಂತೆ ನಂಗೂ ಕೋಪ ಇದೆ, ಆದರೆ ಅದು ಸಣ್ಣ ಕೋಪ. ಟ್ವೈಲೈಟ್‌ಗೆ 10 ವರ್ಷ ಆದಾಗ, 2015ರಲ್ಲಿ, ಹುಡುಗ ಹುಡುಗಿ ಪಾತ್ರ ಅದಲು ಬದಲು ಮಾಡಿ ಬರೆದ ಕಥೆಗೆ ಹಸಿರು ಸೇಬು ಹಾಕಿದರು. 2020ರಲ್ಲಿ ನಾಯಕನ ಕಡೆಯಿಂದ ಹೇಳಿದ ಕಥೆಗೆ ದಾಳಿಂಬೆ. ಇಂಥದ್ದು ಆಟ, ಯಾರಿಗೂ ನೋವಿಲ್ಲ. ಬ್ರಾಂಟೆಗೆ ಕಪ್ಪು ರಕ್ಷಾಕವಚ ತೊಡಿಸಿದ್ದೂ ಆಟವೇ. ಒಳಗಿರೋ ಮನುಷ್ಯರನ್ನ ಅಳಿಸಿ ಬೇರೆಯೋರನ್ನ ಕೂರಿಸಿದಾಗ ಮಾತ್ರ ಅದು ಆಟ ಅಲ್ಲ.

ಅದೇ 2020ರಲ್ಲಿ ಟ್ರೇಸಿ ಡಿಯಾನ್ ಅವರ ಲೆಜೆಂಡ್‌ಬಾರ್ನ್ ಬಂತು. ಮಾಯೆ, ಮಂತ್ರ, ಪ್ರೇಮ ಎಲ್ಲ ಇರೋ ಕಾದಂಬರಿ, ನಾಯಕಿ ಬ್ರೀ ಕಪ್ಪು ಹುಡುಗಿ. ಮುಖಪುಟದ ಮೇಲೆ ಅವಳೇ ಇದಾಳೆ, ಗುಂಗುರು ಕೂದಲು ಸಮೇತ, ನೇರವಾಗಿ ನಿಂತು. ಓಡ್ತಾ ಇಲ್ಲ. ಪುಸ್ತಕ ಚೆನ್ನಾಗಿ ಮಾರಾಟವೂ ಆಯ್ತು. ಲಯರ್ ಗಲಾಟೆಯಿಂದ ಇಲ್ಲಿಗೆ 11 ವರ್ಷ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. ಫೋಟೋ ವಿಷಯ ಹೇಳೋದಾ ಬೇಡ್ವಾ ಅಂತ ಯೋಚಿಸಿ ಅದನ್ನೂ ಹೇಳಿದೆ. ಅವಳೂ ನನ್ನ ಬಣ್ಣವೇ. ಸುಮ್ನೆ ಕೇಳಿಸ್ಕೊಂಡ್ಲು. ಆಮೇಲೆ ತನ್ನ ಮೊಬೈಲ್ ತೆಗೆದು, ಕ್ಯಾಮೆರಾದಲ್ಲಿ ತಾನಾಗೇ ಮುಖ ಬೆಳ್ಳಗೆ ಮಾಡೋ ಒಂದು ಬಟನ್ ಇರುತ್ತಲ್ಲ, ಅದನ್ನ ತೋರಿಸಿದ್ಲು. "ಇದು ಯಾವಾಗ್ಲೂ ಆನ್ ಇರುತ್ತೆ ಚಿಕ್ಕಮ್ಮ, ನಾನು ನೋಡೇ ಇರ್ಲಿಲ್ಲ" ಅಂದ್ಲು. ಅಲ್ಲೇ ಕೂತು ಆಫ್ ಮಾಡಿದ್ಲು. ನಾಳೆ ಮತ್ತೆ ಆನ್ ಮಾಡ್ತಾಳೋ ಏನೋ, ಅದು ಅವಳಿಗೆ ಬಿಟ್ಟಿದ್ದು. ಊರಿಗೆ ಹೊರಡುವಾಗ ಬ್ಯಾಗಲ್ಲಿ ಸೇಬಿನ ಟ್ವೈಲೈಟ್ ಮತ್ತೆ ವದರಿಂಗ್ ಹೈಟ್ಸ್ ಎರಡನ್ನೂ ಹಾಕ್ಕೊಂಡು ಹೋದ್ಲು.

ಅಮ್ಮನಿಗೂ ಫೋನಲ್ಲಿ ಈ ವಿಡಿಯೋ ವಿಷಯ ಹೇಳಿದೆ. ಅವರು ಕಾದಂಬರಿ ಹುಚ್ಚಿನೋರು, ಮದುವೆಗೆ ಮುಂಚೆ ಊರಿನ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು ಓದ್ತಿದ್ರಂತೆ. "ನಮ್ಮ ಕಾಲದಲ್ಲಿ ಮುಖಪುಟ ಎಲ್ಲಿತ್ತು? ಬೇಗ ಹರಿಯುತ್ತೆ ಅಂತ ಲೈಬ್ರರಿಯೋನು ಕಿತ್ತು ರಟ್ಟು ಹಾಕಿ ಬೈಂಡ್ ಮಾಡಿಸಿಬಿಡ್ತಿದ್ದ. ಹೆಸರು ಕೂಡ ಪೆನ್ನಲ್ಲಿ ಬರೆದಿರೋನು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆ ಟೆರೇಸ್ ಫೋಟೋ ಇನ್ನೂ ಇದ್ರೆ ಕಳಿಸು" ಅಂದ್ರು. ಕಳಿಸಿದೀನಿ.

ನಿಮ್ಮ ಕಪಾಟಲ್ಲೂ ಇಂಥ ಪುಸ್ತಕ ಇರುತ್ತೆ, ಒಳಗಿನ ನಾಯಕಿ ಒಬ್ಬಳು, ಮೇಲಿನವಳು ಇನ್ನೊಬ್ಬಳು. ಒಮ್ಮೆ ತೆಗೆದು ನೋಡಿ, ಯಾವ ಪುಸ್ತಕ ಅಂತ ತಿಳಿಸಿ. ಮುಂದಿನ ವಾರ ಮತ್ತೆ ಸಿಗೋಣ.